ಅಲ್ಜೀರಿಯದ ಅಮೀರ ಅಬ್ದುಲ್ ಖಾದರ್

ಶಾಲೆಯ ಅಂಗಳದಲ್ಲಿ ಜಗಳಗಳು ನಡೆಯುವುದುಂಟು. ದೊಡ್ಡ ತರಗತಿಯ ಬಲಿಷ್ಠ ಹುಡುಗನೊಬ್ಬನು ಚಿಕ್ಕವನೊಬ್ಬನನ್ನು ನೆಲಕ್ಕೆ ಕೆಡವಿದಾಗ, ಆ ಚಿಕ್ಕವನು ದೊಡ್ಡವನ ಕೈಯನ್ನು ಕಚ್ಚಿದನೆಂದು ಇಟ್ಟುಕೊಳ್ಳೋಣ. ಸುತ್ತ ನಿಂತು ನೋಡುವವರಲ್ಲಿ ಬಹುಮಂದಿ ಕಚ್ಚಿದವನನ್ನು ಕ್ಷಮಿಸಿಬಿಡುತ್ತಾರೆ. ಬಲವಿಲ್ಲದವನು ಮತ್ತೇನು ಮಾಡಿಯಾನು ಎಂಬುದು ಅವರ ವಾದ. ಬಹುಕಾಲ ನಾವೂ ಹಾಗೆಯೇ ಎಣಿಸಿದ್ದೆವು. ಆದರೆ ಜಗಳವು ಯುದ್ಧವಾಗಿ ಬೆಳೆದು, ಚಿಕ್ಕವನ ಕೈಗೆ ಸಿಕ್ಕಿದ್ದು ದೊಡ್ಡವನ ಕೈಯಾಗಿರದೆ ಅವನ ಕಡೆಯ ಒಬ್ಬ ನಿರಾಯುಧ ಸೆರೆಯಾಳಿನ ಕೊರಳಾದರೆ, ಆ ವಾದ ಎಷ್ಟರಮಟ್ಟಿಗೆ ನಿಲ್ಲುತ್ತದೆ? ಈ ಪ್ರಶ್ನೆಯನ್ನು ರಣರಂಗದಲ್ಲಿಯೇ ನಿಂತು ಹದಿನೈದು ವರ್ಷಗಳ ಕಾಲ ಎದುರಿಸಿದ ಒಬ್ಬ ಪುರುಷನ ಚರಿತ್ರೆಯನ್ನು ಇಲ್ಲಿ ಹೇಳಲು ಹೊರಟಿದ್ದೇವೆ.

ಆಫ್ರಿಕಾ ಖಂಡದ ಭೂಪಟವನ್ನು ತೆರೆದು ನೋಡಿದರೆ, ಅದರ ಉತ್ತರದ ಅಂಚಿನಲ್ಲಿ, ಮೆಡಿಟರೇನಿಯನ್ ಸಮುದ್ರದ ಈಚೆಗೆ ಅಲ್ಜೀರಿಯ ದೇಶ ಕಾಣುತ್ತದೆ. ಸಮುದ್ರದ ಆಚೆಗೆ, ನೇರ ಎದುರಿನಲ್ಲಿಯೇ ಫ್ರಾನ್ಸ್. ಅಲ್ಜೀರಿಯದ ಪಶ್ಚಿಮ ಭಾಗದಲ್ಲಿ ಮಸ್ಕರ ಎಂಬ ಊರಿದೆ. ಅದರ ಸಮೀಪದ ಒಂದು ಹಳ್ಳಿಯಲ್ಲಿ ೧೮೦೮ನೆಯ ಇಸವಿಯಲ್ಲಿ ಅಬ್ದುಲ್ ಖಾದರನು ಜನಿಸಿದನು. ತಂದೆ ಮುಹಿಯುದ್ದೀನನು ಖಾದಿರಿ ಪಂಥದ ಸೂಫಿ ಮಠವೊಂದರ ಹಿರಿಯನು. ಆ ಮಠದಲ್ಲಿ ದಾರಿಹೋಕರಿಗೆ ಊಟ, ಮಕ್ಕಳಿಗೆ ವಿದ್ಯೆ, ವ್ಯಾಜ್ಯಗಾರರಿಗೆ ನ್ಯಾಯ ಎಲ್ಲವೂ ದೊರೆಯುತ್ತಿದ್ದವು. ತಾಯಿ ಲಲ್ಲಾ ಜೊಹ್ರಾ ಓದುಬರಹ ಬಲ್ಲ ಧರ್ಮನಿಷ್ಠೆಯ ಹೆಂಗಸು. ಬಾಲಕನು ಕುರಾನನ್ನು ಆದ್ಯಂತವಾಗಿ ಕಂಠಪಾಠ ಮಾಡಿದನು. ಕುದುರೆ ಸವಾರಿಯಲ್ಲಿ ಆ ಸೀಮೆಯಲ್ಲೇ ಅವನಿಗೆ ಸಾಟಿಯಿಲ್ಲವೆಂದು ಹೆಸರು ಪಡೆದನು. ಹದಿನೇಳರ ಪ್ರಾಯದಲ್ಲಿ ತಂದೆಯೊಡನೆ ಮಕ್ಕಾ ಯಾತ್ರೆಗೆ ಹೊರಟು, ಈಜಿಪ್ಟ್, ಡಮಾಸ್ಕಸ್, ಬಾಗ್ದಾದ್‌ಗಳನ್ನು ಕಂಡು ಹಿಂದಿರುಗಿದನು. ಅವನಿಗಿದ್ದ ಆಸೆ ಪುಸ್ತಕಗಳ ನಡುವೆ ಬಾಳುವುದು. ಅದನ್ನು ಅವನ ಕಾಲವು ನಡೆಯಗೊಡಲಿಲ್ಲ.

ಅಲ್ಜೀರ್ಸ್ ನಗರವನ್ನು ಆಗ ತುರ್ಕಿಯ ಸುಲ್ತಾನನ ಹೆಸರಿನಲ್ಲಿ ಡೇ ಎಂಬ ಬಿರುದಿನ ಅಧಿಪತಿಯೊಬ್ಬನು ಆಳುತ್ತಿದ್ದನು. ಫ್ರೆಂಚರು ತಮ್ಮ ಹಿಂದಿನ ಯುದ್ಧಗಳ ಕಾಲದಲ್ಲಿ ಅಲ್ಜೀರಿಯದಿಂದ ಗೋಧಿಯನ್ನು ಸಾಲವಾಗಿ ತರಿಸಿಕೊಂಡಿದ್ದರು. ಆ ಸಾಲ ವರ್ಷಗಟ್ಟಲೆ ತೀರದೆ ಉಳಿದಿತ್ತು. ೧೮೨೭ರಲ್ಲಿ ಈ ಬಾಕಿಯ ಮಾತು ಬಂದಾಗ, ಫ್ರೆಂಚ್ ರಾಯಭಾರಿಯ ಉತ್ತರದಿಂದ ಕೆರಳಿದ ಡೇ ತನ್ನ ಕೈಯಲ್ಲಿದ್ದ ನೊಣ ಓಡಿಸುವ ಬೀಸಣಿಗೆಯಿಂದ ಅವನನ್ನು ಹೊಡೆದನು. ಸಾಲ ಕೊಟ್ಟವನು ಬೀಸಣಿಗೆ ಬೀಸಿದ ತಪ್ಪಿಗೆ ಒಂದು ದೇಶವೇ ದಂಡ ತೆರಬೇಕಾಯಿತು. ೧೮೩೦ರ ಬೇಸಗೆಯಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕ ಫ್ರೆಂಚ್ ಸೈನ್ಯ ಬಂದಿಳಿಯಿತು. ಜುಲೈ ೫ರಂದು ಅಲ್ಜೀರ್ಸ್ ನಗರ ಶರಣಾಯಿತು. ಅವಮಾನದ ನೆಪ ಹೇಳಿ ಬಂದವರು ಮುಂದೆ ನೂರ ಮೂವತ್ತೆರಡು ವರ್ಷಗಳ ಕಾಲ ಹಿಂದಿರುಗಲಿಲ್ಲ.

ತುರ್ಕರು ಹೋದರು, ಫ್ರೆಂಚರು ಕರಾವಳಿಯ ಊರುಗಳಲ್ಲಿ ತಳವೂರಿದರು, ಒಳನಾಡಿನಲ್ಲಿ ಬುಡಕಟ್ಟಿಗೊಬ್ಬ ನಾಯಕನಾಗಿ ಅರಾಜಕತೆ ಹಬ್ಬಿತು. ಪಶ್ಚಿಮದ ಬುಡಕಟ್ಟುಗಳ ಹಿರಿಯರು ೧೮೩೨ರ ನವೆಂಬರಿನಲ್ಲಿ ಮಸ್ಕರದ ಬಯಲಿನಲ್ಲಿ ಸಭೆ ಸೇರಿ ಮುಹಿಯುದ್ದೀನನನ್ನು ನಾಯಕನಾಗೆಂದು ಬೇಡಿದರು. ತನಗೆ ವಯಸ್ಸಾಯಿತೆಂದು ಹೇಳಿ ಅವನು ಮಗನನ್ನು ಮುಂದೆ ಮಾಡಿದನು. ಹೀಗೆ ಇಪ್ಪತ್ತನಾಲ್ಕರ ಹರೆಯದಲ್ಲಿ ಅಬ್ದುಲ್ ಖಾದರನು ಅಮೀರನಾದನು. ಅವನ ಬಳಿ ಬೊಕ್ಕಸವಿಲ್ಲ, ಫಿರಂಗಿಯಿಲ್ಲ, ಖಾಯಂ ಸೈನ್ಯವಿಲ್ಲ. ಎದುರಿಗೆ ನಿಂತದ್ದು ನೆಪೋಲಿಯನ್ನನ ಯುದ್ಧಗಳಲ್ಲಿ ಪಳಗಿದ ಸೇನಾಪತಿಗಳ ರಾಜ್ಯ.

ಅಮೀರನು ಬಲ್ಲ ಒಂದು ವಿದ್ಯೆಯೆಂದರೆ ನೆಲದ ಗುರುತು. ಬಯಲಿನಲ್ಲಿ ಫ್ರೆಂಚರ ಫಿರಂಗಿಗಳೆದುರು ಎದೆಯೊಡ್ಡಿ ನಿಂತರೆ ಉಳಿಗಾಲವಿಲ್ಲವೆಂದು ಅವನು ಬೇಗನೆ ಅರಿತನು. ಶತ್ರು ಮುನ್ನುಗ್ಗಿದಾಗ ಹಿಂದೆ ಸರಿಯುವುದು, ಅವನು ಹಿಂದಿರುಗುವಾಗ ಹಿಂಬದಿಯ ಮೇಲೆ ಬೀಳುವುದು, ಇದೇ ಅವನ ಕ್ರಮ. ೧೮೩೫ರ ಜೂನ್ ತಿಂಗಳಲ್ಲಿ ಮಕ್ತಾ ನದಿಯ ಜೌಗು ನೆಲದ ಬಳಿ ಜನರಲ್ ತ್ರೆಜೆಲನ ಸೈನ್ಯವನ್ನು ಹೀಗೆಯೇ ಮುರಿದನು. ಆ ಸುದ್ದಿ ಪ್ಯಾರಿಸ್ ನಗರವನ್ನು ತಲ್ಲಣಗೊಳಿಸಿತು. ವರ್ಷ ಮುಗಿಯುವುದರೊಳಗೆ ಇನ್ನೊಂದು ಸೈನ್ಯ ಬಂದು ಮಸ್ಕರವನ್ನು ಸುಟ್ಟಿತು. ಗೆದ್ದರೂ ಊರು ಉಳಿಯದು, ಸೋತರಂತೂ ಕೇಳುವುದೇ ಬೇಡ. ಬಲಹೀನರ ಯುದ್ಧದ ಲೆಕ್ಕಾಚಾರವೇ ಇಂತಹುದು.

೧೮೩೭ರ ಮೇ ೩೦ರಂದು ತಾಫ್ನಾ ನದಿಯ ಬಳಿ ಜನರಲ್ ಬ್ಯೂಜೋ ಎಂಬವನೊಡನೆ ಒಪ್ಪಂದವಾಯಿತು. ಮರುದಿನಗಳಲ್ಲಿ ನಡೆದ ಭೇಟಿಗೆ ಅಮೀರನು ಜನರಲ್ಲನನ್ನು ಗಂಟೆಗಟ್ಟಲೆ ಕಾಯಿಸಿದನಂತೆ. ಮಾತು ಮುಗಿದಾಗ ಕುಳಿತೇ ಇದ್ದ ಅವನನ್ನು ಬ್ಯೂಜೋ ಕೈಹಿಡಿದು ಎಬ್ಬಿಸಿ ನಿಲ್ಲಿಸಿದನಂತೆ. ಇಬ್ಬರೂ ಹಟಮಾರಿಗಳು. ಈ ಬ್ಯೂಜೋನನ್ನು ಓದುಗರು ನೆನಪಿನಲ್ಲಿಡಬೇಕು. ಒಪ್ಪಂದದ ಮೇರೆಗೆ ಅಲ್ಜೀರಿಯದ ಬಹುಭಾಗ ಅಮೀರನ ಆಡಳಿತಕ್ಕೆ ಬಂದಿತು. ಮುಂದಿನ ಎರಡು ವರ್ಷಗಳಲ್ಲಿ ಅವನು ತಗ್‌ದೆಮ್ತ್ ಎಂಬಲ್ಲಿ ಹೊಸ ರಾಜಧಾನಿಯನ್ನು ಕಟ್ಟಿಸಿ, ನಾಣ್ಯ ಟಂಕಿಸಿ, ಒಳನಾಡಿನ ಉದ್ದಕ್ಕೂ ಕೋಟೆಗಳ ಸಾಲನ್ನು ಎಬ್ಬಿಸಿ, ಎಂಟು ಹತ್ತು ಸಾವಿರ ಮಂದಿಯ ಶಿಸ್ತಿನ ಸೈನ್ಯವನ್ನು ಬೆಳೆಸಿದನು. ತೆರಿಗೆಗೂ ನ್ಯಾಯಕ್ಕೂ ಅಧಿಕಾರಿಗಳನ್ನು ನೇಮಿಸಿದನು. ತಾನು ಮಾತ್ರ ಒರಟು ಉಣ್ಣೆಯ ಉಡುಪಿನಲ್ಲಿ ಡೇರೆಯಲ್ಲಿ ವಾಸಿಸಿದನು.

ಅವನನ್ನು ದೇವರಂತೆ ಚಿತ್ರಿಸುವುದು ನಮ್ಮ ಉದ್ದೇಶವಲ್ಲ. ಮರುಭೂಮಿಯ ಅಂಚಿನಲ್ಲಿ ಐನ್ ಮಾಧಿ ಎಂಬ ಕೋಟೆಯೂರಿತ್ತು. ಅಲ್ಲಿನ ತಿಜಾನಿ ಪಂಥದ ಗುರು ಅಮೀರನ ಅಧಿಕಾರವನ್ನು ಒಪ್ಪಲಿಲ್ಲ. ೧೮೩೮ರಲ್ಲಿ ಅಮೀರನು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ, ಕೊನೆಗೆ ಆ ಊರನ್ನು ಹಾಳುಗೆಡವಿದನು. ಫ್ರಾನ್ಸಿನೆದುರು ಚಿಕ್ಕವನಾಗಿದ್ದವನು ಐನ್ ಮಾಧಿಯ ಎದುರು ದೊಡ್ಡವನಾಗಿದ್ದನು. ಬಲಾಬಲಗಳು ಹೀಗೆ ಒಬ್ಬನಲ್ಲಿಯೇ ಎರಡು ಮುಖವಾಗಿ ಇರುವುದನ್ನು ಗಮನಿಸದಿದ್ದರೆ ಅವನ ಕಥೆ ಅರ್ಧವಾಗುತ್ತದೆ. ೧೮೩೯ರ ಕೊನೆಯಲ್ಲಿ, ಫ್ರೆಂಚ್ ಯುವರಾಜನು ಸೈನ್ಯಸಮೇತನಾಗಿ ಅಮೀರನ ಸೀಮೆಯೆಂದು ಅವನು ನಂಬಿದ್ದ ಕಣಿವೆಯನ್ನು ಹಾಯ್ದುಹೋದದ್ದರಿಂದ ಯುದ್ಧ ಮರುಕಳಿಸಿತು. ಆಗ ಅವನ ಕಡೆಯವರು ಮಿತಿಜಾ ಬಯಲಿನ ಮೇಲೆ ಬಿದ್ದು, ಅಲ್ಲಿ ನೆಲಸಿದ್ದ ಫ್ರೆಂಚ್ ಒಕ್ಕಲಿಗರ ಹೊಲಮನೆಗಳನ್ನು ಸುಟ್ಟು ಹಲವರನ್ನು ಕೊಂದರು.

ಇಂತಹ ಯುದ್ಧದ ನಡುವೆ ಅವನು ಹೊರಡಿಸಿದ ಒಂದು ಕಟ್ಟಳೆಯೇ ಈ ಲೇಖನಕ್ಕೆ ಕಾರಣವಾದುದು. ಆ ಸೀಮೆಯಲ್ಲಿ ಶತ್ರುವಿನ ತಲೆ ಕಡಿದು ತಂದವನಿಗೆ ಹಣ ಕೊಡುವ ರೂಢಿ ಹಿಂದಿನಿಂದ ಇತ್ತು. ಫ್ರೆಂಚ್ ಕಡೆಯಲ್ಲಿಯೂ ತಲೆಗಳು ಉರುಳದೆ ಇರಲಿಲ್ಲ. ಅಮೀರನು ಆ ರೂಢಿಯನ್ನು ತಲೆಕೆಳಗು ಮಾಡಿದನು. ಫ್ರೆಂಚ್ ಸೈನಿಕನನ್ನು ಜೀವಸಹಿತ ಹಿಡಿದು ತಂದವನಿಗೆ ಬಹುಮಾನ. ತಂದ ಬಳಿಕ ಆ ಸೈನಿಕನನ್ನು ಕರೆದು, ದಾರಿಯಲ್ಲಿ ನಿನ್ನನ್ನು ಹೇಗೆ ನಡೆಸಿಕೊಂಡರೆಂದು ವಿಚಾರಿಸತಕ್ಕದ್ದು. ಸೆರೆಯಾಳು ದೂರು ಹೇಳಿದರೆ ಬಹುಮಾನ ಇಲ್ಲ. ಈ ಕಟ್ಟಳೆಯನ್ನು ಓದಿದ ಮೇಲೆ, ಕಡಿದ ತಲೆ ತಂದರೆ ಏನು ಸಿಕ್ಕೀತೆಂದು ಒಬ್ಬ ಸೈನಿಕನು ಕೇಳಿದನೆಂದೂ, ಅಂಗಾಲಿಗೆ ಇಪ್ಪತ್ತೈದು ಪೆಟ್ಟು ಸಿಕ್ಕುವುದೆಂದು ಅಮೀರನು ಉತ್ತರವಿತ್ತನೆಂದೂ ಅವನ ಚರಿತ್ರಕಾರರು ಹೇಳುತ್ತಾರೆ.

ನಾವು ಈ ಕಟ್ಟಳೆಯ ಬಗ್ಗೆ ಬಹಳ ಯೋಚಿಸಿದ್ದೇವೆ. ಯುದ್ಧದಲ್ಲಿ ಗಾಯಗೊಂಡವರನ್ನು ಕಾಪಾಡಬೇಕೆಂದು ರಾಷ್ಟ್ರಗಳು ಜಿನೀವಾದಲ್ಲಿ ಕೂಡಿ ಮೊದಲ ಒಪ್ಪಂದಕ್ಕೆ ಸಹಿ ಹಾಕಿದ್ದು ೧೮೬೪ರಲ್ಲಿ. ಸೆರೆಯಾಳುಗಳಿಗೆಂದೇ ಪ್ರತ್ಯೇಕವಾದ ಜಿನೀವಾ ಒಪ್ಪಂದ ಬಂದದ್ದು ೧೯೨೯ರಲ್ಲಿ. ಡೇರೆಯಲ್ಲಿ ಕುಳಿತು ಕಟ್ಟಳೆ ಬರೆಸಿದ ಅಮೀರನಿಗೆ ಅಂತಹ ಯಾವ ಮೇಲ್ಪಂಕ್ತಿಯೂ ಇರಲಿಲ್ಲ. ಇದ್ದದ್ದು ಅವನ ಧರ್ಮಶಾಸ್ತ್ರ. ಇನ್ನೊಂದು ಮಾತು. ಸೆರೆಯಾಳನ್ನು ಸಾಕುವುದಕ್ಕೆ ಧಾನ್ಯ ಬೇಕು, ಕಾವಲು ಬೇಕು, ಒಂದು ನೆಲೆ ಬೇಕು. ಬಲಿಷ್ಠ ರಾಜ್ಯಕ್ಕೆ ಇದೊಂದು ಭಾರವೇ ಅಲ್ಲ. ದಿನಕ್ಕೊಂದು ಕಡೆ ಡೇರೆ ಕಿತ್ತು ಓಡುವವನಿಗೆ ಒಬ್ಬೊಬ್ಬ ಸೆರೆಯಾಳೂ ತನ್ನ ಮಕ್ಕಳ ಬಾಯಿಯ ತುತ್ತಿಗೆ ಪಾಲುದಾರ. ಆದುದರಿಂದ ಒಂದೇ ನಿಯಮವು ಇಬ್ಬರಿಗೂ ಒಂದೇ ತೂಕದ್ದಲ್ಲ. ಹೆಚ್ಚು ಭಾರ ಬಿದ್ದವನೇ ಅದನ್ನು ಮೊದಲು ಹೊತ್ತನು.

೧೮೪೧ರಲ್ಲಿ ಅಲ್ಜೀರ್ಸ್ ನಗರದ ಕ್ರೈಸ್ತ ಬಿಷಪ್ ದ್ಯುಪುಶ್ ಎಂಬವನು, ಒಬ್ಬ ತಾಯಿಯ ಕಣ್ಣೀರಿಗೆ ಕರಗಿಯೋ ಏನೋ, ಸೆರೆಸಿಕ್ಕ ಫ್ರೆಂಚನೊಬ್ಬನನ್ನು ಬಿಟ್ಟುಬಿಡಬೇಕೆಂದು ಅಮೀರನಿಗೆ ಪತ್ರ ಬರೆದನು. ಅಮೀರನ ಉತ್ತರದಲ್ಲಿ ಸಣ್ಣದೊಂದು ಆಕ್ಷೇಪಣೆಯಿತ್ತು. ಒಬ್ಬನನ್ನೇ ಏಕೆ ಕೇಳಿದಿರಿ, ಎಲ್ಲ ಕ್ರೈಸ್ತ ಸೆರೆಯಾಳುಗಳನ್ನೂ ಕೇಳಬೇಕಾಗಿತ್ತು; ನಿಮ್ಮ ಸೆರೆಮನೆಗಳಲ್ಲಿ ಕೊಳೆಯುತ್ತಿರುವ ಮುಸಲ್ಮಾನರಿಗೂ ಅದೇ ಕರುಣೆಯನ್ನು ತೋರಿದ್ದರೆ ನಿಮ್ಮ ಕೆಲಸ ಇನ್ನೂ ಘನವಾಗುತ್ತಿತ್ತು ಎಂಬುದು ಅದರ ತಾತ್ಪರ್ಯ. ಬಿಷಪನು ನಾಚಿದನು, ಮೆಚ್ಚಿದನು. ಆ ವರ್ಷದಲ್ಲಿಯೇ ಎರಡೂ ಕಡೆಯ ನೂರಾರು ಮಂದಿಯ ವಿನಿಮಯ ನಡೆಯಿತು. ಇನ್ನೊಮ್ಮೆ, ಸೆರೆಯಾಳುಗಳಿಗೆ ಕೊಡಲು ತನ್ನಲ್ಲಿ ಆಹಾರವಿಲ್ಲವೆಂದು ಕಂಡಾಗ, ಅಮೀರನು ಪ್ರತಿಯಾಗಿ ಏನನ್ನೂ ಬೇಡದೆ ಅವರನ್ನು ಬಿಟ್ಟು ಕಳುಹಿಸಿದನು. ಸೆರೆಸಿಕ್ಕ ಹೆಂಗಸರ ಯೋಗಕ್ಷೇಮವನ್ನು ಅವನ ತಾಯಿ ಸ್ವತಃ ನೋಡಿಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಬ್ಯೂಜೋ ಅಲ್ಜೀರಿಯದ ಗವರ್ನರ್ ಜನರಲ್ ಆಗಿ ಬಂದಿದ್ದನು. ತರುಣನಾಗಿದ್ದಾಗ ಸ್ಪೇನಿನಲ್ಲಿ ಗುಡ್ಡಗಾಡಿನ ಗುಂಪುಗಳೊಡನೆ ಕಾದಾಡಿ ಪಾಠ ಕಲಿತವನು ಅವನು. ಅಮೀರನನ್ನು ಹಿಡಿಯಲಾಗದಿದ್ದರೆ ಅವನಿಗೆ ಅನ್ನ ಕೊಡುವವರನ್ನು ಹಿಡಿಯಬೇಕೆಂಬುದು ಅವನ ಯುದ್ಧನೀತಿ. ಹಗುರವಾದ ದಳಗಳು ಹಳ್ಳಿಹಳ್ಳಿಗೆ ನುಗ್ಗಿ ನಿಂತ ಬೆಳೆಯನ್ನು ಸುಟ್ಟವು. ನೆಲದೊಳಗಿನ ಹಗೇವುಗಳನ್ನು ಬಗೆದು ಧಾನ್ಯವನ್ನು ಒಯ್ದವು. ಕುರಿಮಂದೆಗಳನ್ನು ಅಟ್ಟಿಕೊಂಡು ಹೋದವು. ಹಣ್ಣಿನ ಮರಗಳನ್ನು ಕಡಿದವು. ಸೈನಿಕರ ಸಂಖ್ಯೆ ಏರುತ್ತ ಏರುತ್ತ ಕೊನೆಗೆ ಒಂದು ಲಕ್ಷದಷ್ಟಾಯಿತು. ಕೋಟೆಗಳು ಒಂದೊಂದಾಗಿ ಉರುಳಿದ ಮೇಲೆ ಅಮೀರನು ತನ್ನ ರಾಜಧಾನಿಯನ್ನೇ ಡೇರೆಗಳ ಊರನ್ನಾಗಿ ಮಾಡಿದನು. ಸ್ಮಾಲಾ ಎಂದು ಅದರ ಹೆಸರು. ಮೂವತ್ತು ಸಾವಿರಕ್ಕೂ ಹೆಚ್ಚು ಜನ, ಕಮ್ಮಾರರು, ಪಂಡಿತರು, ಹೆಂಗಸರು ಮಕ್ಕಳು, ದನಕರು, ಎಲ್ಲವೂ ವೃತ್ತವೃತ್ತವಾಗಿ ಹೂಡಿದ ಡೇರೆಗಳಲ್ಲಿ ಊರಿಂದೂರಿಗೆ ಸಾಗುತ್ತಿದ್ದವು. ೧೮೪೩ರ ಮೇ ೧೬ರಂದು, ಅಮೀರನು ದೂರ ಹೋಗಿದ್ದಾಗ, ಫ್ರೆಂಚ್ ರಾಜಕುಮಾರ ಒಮಾಲನು ಆರುನೂರರಷ್ಟು ಸವಾರರೊಡನೆ ಅದರ ಮೇಲೆ ಎರಗಿದನು. ಸಾವಿರಾರು ಮಂದಿ ಸೆರೆಯಾದರು. ಅಮೀರನು ವರ್ಷಗಳಿಂದ ಕೂಡಿಸಿದ್ದ ಹಸ್ತಪ್ರತಿಗಳ ಗ್ರಂಥಭಂಡಾರವು ಕುದುರೆಗಳ ಕಾಲಡಿಯಲ್ಲಿ ಚೆಲ್ಲಾಪಿಲ್ಲಿಯಾಯಿತು. ಈ ವಿಜಯದ ಚಿತ್ರವೊಂದನ್ನು ಪ್ಯಾರಿಸ್ ಸಮೀಪದ ವೆರ್ಸಾಯ್ ಅರಮನೆಯಲ್ಲಿ ಇಂದಿಗೂ ನೋಡಬಹುದು. ಅದರ ಉದ್ದ ಇಪ್ಪತ್ತೊಂದು ಮೀಟರು! ಡೇರೆಗಳಲ್ಲಿದ್ದ ಹೆಂಗಸರು ಮಕ್ಕಳ ಮೇಲೆ ನಡೆದ ದಾಳಿಯ ಚಿತ್ರಕ್ಕೆ ಅಷ್ಟು ದೊಡ್ಡ ಗೋಡೆ ಬೇಕಾಯಿತೆ ಎಂದು ನಮಗನ್ನಿಸುತ್ತದೆ.

ಇನ್ನು ಹೇಳಬೇಕಾದುದು ಅತಿ ದುಃಖದ ಸಂಗತಿ. ೧೮೪೫ರಲ್ಲಿ ದಾಹ್ರಾ ಎಂಬ ಗುಡ್ಡಗಾಡಿನಲ್ಲಿ ಬೂ ಮಾಝಾ ಎಂಬ ತರುಣನ ನಾಯಕತ್ವದಲ್ಲಿ ದಂಗೆಯೆದ್ದಿತು. ಜೂನ್ ತಿಂಗಳಲ್ಲಿ ಕರ್ನಲ್ ಪೆಲಿಸಿಯೆ ಎಂಬವನ ದಳ ಬೆನ್ನಟ್ಟಿದಾಗ, ಊಲದ್ ರಿಯಾಹ್ ಎಂಬ ಬುಡಕಟ್ಟಿನ ಜನ ಹೆಂಡಿರು ಮಕ್ಕಳು ದನಗಳ ಸಮೇತ ದೊಡ್ಡದೊಂದು ಗುಹೆಯೊಳಗೆ ಅಡಗಿದರು. ಮಾತುಕತೆ ಮುರಿಯಿತು. ಪೆಲಿಸಿಯೆ ಗುಹೆಯ ಬಾಯಿಗಳಲ್ಲಿ ಸೌದೆಯ ಹೊರೆಗಳನ್ನು ಒಟ್ಟಿಸಿ ಬೆಂಕಿ ಇಡಿಸಿದನು. ಇಲಿಯ ಬಿಲಕ್ಕೆ ಹೊಗೆ ಹಾಕುವಂತೆ ರಾತ್ರಿಯಿಡೀ ಹೊಗೆ ಹಾಕಿದರು. ಬೆಳಗಾದಾಗ ಒಳಗೆ ಐನೂರಕ್ಕೂ ಹೆಚ್ಚು ಜನ ಸತ್ತುಬಿದ್ದಿದ್ದರು. ಸಾವಿರದ ಸಮೀಪ ಎಂದು ಎಣಿಸುವವರೂ ಇದ್ದಾರೆ. ವರದಿ ಪ್ಯಾರಿಸ್ಸಿಗೆ ಮುಟ್ಟಿದಾಗ ಫ್ರೆಂಚರಲ್ಲಿಯೇ ಹಲವರು ಛೀ ಎಂದರು, ಶಾಸನಸಭೆಯಲ್ಲಿ ಪ್ರಶ್ನೆಗಳೆದ್ದವು. ಬ್ಯೂಜೋ ತನ್ನ ಕರ್ನಲ್ಲನನ್ನು ಬಿಟ್ಟುಕೊಡಲಿಲ್ಲ, ಹೊಣೆ ತನ್ನದೆಂದನು. ಎರಡು ತಿಂಗಳಲ್ಲೇ ಸೇಂತ್ ಆರ್ನೋ ಎಂಬ ಇನ್ನೊಬ್ಬ ಅಧಿಕಾರಿ ಮತ್ತೊಂದು ಗುಹೆಯ ಬಾಯಿಗಳನ್ನು ಮುಚ್ಚಿಸಿ ಒಳಗಿದ್ದವರನ್ನು ಹೂಳಿಬಿಟ್ಟನು. ಪೆಲಿಸಿಯೆಯ ವಿಷಯದಲ್ಲಿ ಎದ್ದ ಕೂಗನ್ನು ಕೇಳಿದ್ದ ಇವನು ಸದ್ದಿಲ್ಲದೆ ಕೆಲಸ ಮುಗಿಸಿದನು. ಇಬ್ಬರೂ ಮುಂದೆ ಫ್ರಾನ್ಸಿನ ಮಾರ್ಷಲ್ ಪದವಿಗೆ ಏರಿದರು.

ಮಹಾಭಾರತವನ್ನು ಬಲ್ಲ ಮಕ್ಕಳಿಗೆ ಇಲ್ಲಿ ಒಂದು ಪ್ರಸಂಗ ನೆನಪಾಗದೆ ಇರದು. ಯುದ್ಧಾರಂಭದಲ್ಲಿ ಎರಡೂ ಪಕ್ಷದವರು ಕೂಡಿ, ಶಸ್ತ್ರ ಕೆಳಗಿಟ್ಟವನನ್ನು ಕೊಲ್ಲಕೂಡದೆಂದು ನಿಯಮ ಮಾಡಿಕೊಂಡರು. ಹದಿನೆಂಟು ದಿನಗಳಲ್ಲಿ ಅವು ಒಂದೊಂದಾಗಿ ಮುರಿದವು. ಕೊನೆಗೆ ಸೋತ ಪಕ್ಷದಲ್ಲಿ ಉಳಿದ ಮೂವರಲ್ಲಿ ಒಬ್ಬನಾದ ಅಶ್ವತ್ಥಾಮನು, ತನ್ನ ತಂದೆಯನ್ನು ಅಧರ್ಮದಿಂದ ಕೊಂದರೆಂಬ ಉರಿಯಿಂದ, ನಿದ್ರಿಸುತ್ತಿದ್ದವರ ಪಾಳೆಯವನ್ನು ಹೊಕ್ಕನು. ಅವನ ಸಿಟ್ಟಿಗೆ ಕಾರಣವಿತ್ತು. ಆ ರಾತ್ರಿಗೆ ಮಾತ್ರ ಯಾವ ಕವಿಯೂ ಕ್ಷಮೆ ಬೇಡಲಿಲ್ಲ.

ಅಮೀರನ ಪಾಳೆಯಕ್ಕೂ ಅಂತಹದೊಂದು ರಾತ್ರಿ ಬಂದಿತು. ೧೮೪೫ರ ಸೆಪ್ಟೆಂಬರಿನಲ್ಲಿ ಸೀದಿ ಬ್ರಾಹಿಮ್ ಎಂಬಲ್ಲಿ ಅಮೀರನು ಫ್ರೆಂಚ್ ದಳವೊಂದನ್ನು ಬಹುಮಟ್ಟಿಗೆ ನಾಶಗೊಳಿಸಿ ಹಲವರನ್ನು ಸೆರೆಹಿಡಿದಿದ್ದನು. ಬೇರೆ ಕಡೆ ಸಿಕ್ಕವರೂ ಸೇರಿ ಸೆರೆಯಾಳುಗಳ ಸಂಖ್ಯೆ ಮುನ್ನೂರರ ಹತ್ತಿರ ಬಂದಿತು. ಅವರನ್ನು ಮೊರಾಕೋ ದೇಶದ ಗಡಿಯೊಳಗೆ ತನ್ನ ಕುಟುಂಬದವರೂ ಅನುಯಾಯಿಗಳೂ ಇದ್ದ ಡೇರೆಗಳಲ್ಲಿ ಇರಿಸಿದನು. ತಾನು ಸವಾರರೊಡನೆ ನೂರಾರು ಮೈಲಿ ದೂರ ಹೋದನು. ಈ ಬಾರಿ ವಿನಿಮಯವು ಕೈಗೂಡಲಿಲ್ಲ. ಮೊರಾಕೋದ ಸುಲ್ತಾನನೂ, ಫ್ರೆಂಚರಿಂದ ಸೋಲುಂಡ ಬಳಿಕ, ಅಮೀರನ ವೈರಿಯಾಗುತ್ತಿದ್ದನು. ಪಾಳೆಯದಲ್ಲಿ ಹಸಿವು. ಹೊರಗಿನಿಂದ ಯಾವ ಕ್ಷಣದಲ್ಲಿ ದಾಳಿ ಬೀಳುವುದೋ ಎಂಬ ಭಯ. ೧೮೪೬ರ ಏಪ್ರಿಲ್ ಕೊನೆಯ ಒಂದು ರಾತ್ರಿ, ಪಾಳೆಯದ ಹೊಣೆ ಹೊತ್ತಿದ್ದ ಮುಸ್ತಫಾ ಬೆನ್ ಥಾಮಿ ಎಂಬ ಅಮೀರನ ಬಂಧುವಿನ ಅಪ್ಪಣೆಯಂತೆ, ಕೆಲವರು ಅಧಿಕಾರಿಗಳನ್ನುಳಿದು ಸೆರೆಯಾಳುಗಳೆಲ್ಲರನ್ನೂ ಕೊಂದರು. ಕತ್ತಲಲ್ಲಿ ಕಣ್ತಪ್ಪಿಸಿ ಓಡಿದ ಒಬ್ಬ ಕಹಳೆಗಾರನು ಫ್ರೆಂಚ್ ಠಾಣ್ಯವನ್ನು ಸೇರಿ ಈ ಸುದ್ದಿಯನ್ನು ತಿಳಿಸಿದನು.

ಅಮೀರನ ಆಜ್ಞೆ ಅಲ್ಲಿರಲಿಲ್ಲವೆಂದೇ ಬಹುಪಾಲು ಚರಿತ್ರಕಾರರ ಅಭಿಪ್ರಾಯ. ನಾವೂ ಅದನ್ನು ನಂಬುತ್ತೇವೆ. ಆದರೂ ಕೆಲವು ಸಂಗತಿಗಳನ್ನು ಮುಚ್ಚಿಡುವಂತಿಲ್ಲ. ಕಟ್ಟಳೆ ಮಾಡಿದವನು ಆ ಕಟ್ಟಳೆಯನ್ನು ಕಾಯುವವರನ್ನು ನೇಮಿಸದೆ ಹೋದನು. ಹಸಿದ ಪಾಳೆಯದಲ್ಲಿ ಮುನ್ನೂರು ಸೆರೆಯಾಳುಗಳನ್ನು ಬಿಟ್ಟು ತಿಂಗಳುಗಟ್ಟಲೆ ದೂರ ಉಳಿದನು. ಹಿಂದೊಮ್ಮೆ ಮಾಡಿದಂತೆ ಅವರನ್ನು ಬಿಟ್ಟು ಕಳುಹಿಸಬಹುದಾಗಿತ್ತು. ಮುಸ್ತಫಾನು ಕೊನೆಯವರೆಗೂ ಅವನ ಬಳಗದಲ್ಲಿಯೇ ಉಳಿದನು. ದಾಹ್ರಾದ ಗುಹೆಯಲ್ಲಿ ಸತ್ತ ಮಕ್ಕಳನ್ನು ಈ ಸೈನಿಕರು ಕೊಂದಿರಲಿಲ್ಲ; ಅವರನ್ನು ಕೊಂದದ್ದರಿಂದ ಆ ಮಕ್ಕಳಲ್ಲಿ ಒಬ್ಬರೂ ಬದುಕಿ ಬರಲಿಲ್ಲ. ಯುದ್ಧದ ಲಾಭದ ಲೆಕ್ಕದಲ್ಲಿ ನೋಡಿದರೂ ಅಮೀರನಿಗೆ ಅದು ನಷ್ಟವೇ. ಅಲ್ಲಿಯವರೆಗೆ ಗುಹೆಯ ಸುದ್ದಿ ಕೇಳಿ ಬ್ಯೂಜೋನನ್ನು ಹಳಿಯುತ್ತಿದ್ದ ಫ್ರೆಂಚರ ಬಾಯಿ ಈಗ ಕಟ್ಟಿಹೋಯಿತು. ಬಡವನ ಕೋಪ ದವಡೆಗೆ ಮೂಲ ಎಂಬ ನಮ್ಮ ಗಾದೆಯನ್ನು ಸಾಮಾನ್ಯವಾಗಿ ಬಡವನನ್ನು ಅಡಗಿಸುವುದಕ್ಕೆ ಬಳಸುವುದುಂಟು. ಅದು ನಮಗೆ ಇಷ್ಟವಾದ ಗಾದೆಯಲ್ಲ. ಆದರೆ ಆ ರಾತ್ರಿಯ ವಿಷಯದಲ್ಲಿ ಅದಕ್ಕೆ ಎದುರು ಹೇಳಲು ನಮಗೆ ಮಾತು ತೋಚದು.

ಮುಂದಿನ ಕಥೆ ಬೇಗ ಮುಗಿಯುತ್ತದೆ. ಒಂದು ಕಡೆ ಸುಲ್ತಾನನ ಸೈನ್ಯ, ಇನ್ನೊಂದು ಕಡೆ ಫ್ರೆಂಚರು. ೧೮೪೭ರ ಡಿಸೆಂಬರಿನಲ್ಲಿ ಮಳೆ ಸುರಿಯುತ್ತಿದ್ದ ಒಂದು ರಾತ್ರಿ ಅಮೀರನು ತನ್ನವರನ್ನು ಕೂಡಿಸಿ ಆಲೋಚಿಸಿದನು. ಅವನೊಬ್ಬನೇ ಆಗಿದ್ದರೆ ಕುದುರೆಯೇರಿ ಮರುಭೂಮಿಗೆ ತಪ್ಪಿಸಿಕೊಳ್ಳಬಹುದಾಗಿತ್ತು. ಹಿಂದೆ ಉಳಿಯುವ ಹೆಂಗಸರು, ಮುದುಕರು, ಗಾಯಾಳುಗಳ ಗತಿಯೇನು? ಜನರಲ್ ಲಾಮೊರಿಸಿಯೆರನಿಗೆ ಹೇಳಿಕಳುಹಿಸಿ, ತನ್ನನ್ನೂ ತನ್ನವರನ್ನೂ ಈಜಿಪ್ಟಿನ ಅಲೆಕ್ಸಾಂಡ್ರಿಯಕ್ಕೋ ಪ್ಯಾಲೆಸ್ತೀನಿನ ಏಕರ್ ಪಟ್ಟಣಕ್ಕೋ ಕಳುಹಿಸಿಕೊಡುವ ವಚನವನ್ನು ಪಡೆದು ಶಸ್ತ್ರವನ್ನು ಕೆಳಗಿಟ್ಟನು. ರಾಜಕುಮಾರ ಒಮಾಲನೂ ಆ ವಚನವನ್ನು ಅನುಮೋದಿಸಿದನು.

ಹಡಗು ಅಲೆಕ್ಸಾಂಡ್ರಿಯಕ್ಕೆ ಹೋಗಲಿಲ್ಲ. ಫ್ರಾನ್ಸಿನ ತೂಲೋನ್ ಬಂದರಿಗೆ ಹೋಯಿತು. ಸುಮಾರು ನೂರು ಮಂದಿ ಹೆಂಗಸರು ಮಕ್ಕಳು ಸೇವಕರೊಡನೆ ಅಮೀರನನ್ನು ಅಲ್ಲಿನ ಕೋಟೆಯಲ್ಲಿಟ್ಟರು. ೧೮೪೮ರ ಫೆಬ್ರುವರಿಯಲ್ಲಿ ಕ್ರಾಂತಿಯಾಗಿ ಫ್ರಾನ್ಸಿನ ರಾಜನು ಓಡಿಹೋದನು, ಗಣರಾಜ್ಯ ಬಂದಿತು. ರಾಜನ ಮಗನು ಕೊಟ್ಟ ಮಾತು ಗಣರಾಜ್ಯಕ್ಕೆ ತಗುಲದೆಂದು ಹೊಸಬರು ಜಾರಿಕೊಂಡರು. ಅಲ್ಲಿಂದ ಪೋ ಎಂಬ ಊರು, ಅಲ್ಲಿಂದ ಲುವಾರ್ ನದಿಯ ದಂಡೆಯ ಆಂಬ್ವಾಸ್ ಕೋಟೆ. ಮರುಭೂಮಿಯ ಬಿಸಿಲಿನಲ್ಲಿ ಬೆಳೆದವರು ಆ ಕಲ್ಲುಗೋಡೆಗಳ ಥಂಡಿಯಲ್ಲಿ ಒಬ್ಬೊಬ್ಬರಾಗಿ ಸತ್ತರು. ಇಪ್ಪತ್ತೈದು ಮಂದಿಯನ್ನು ಕೋಟೆಯ ತೋಟದಲ್ಲಿಯೇ ಮಣ್ಣು ಮಾಡಿದರು. ಸೋತವನು ವಚನಕ್ಕೆ ತಪ್ಪಿದ್ದರೆ ಎಂತಹ ಶಿಕ್ಷೆಯಾಗುತ್ತಿತ್ತೆಂಬುದನ್ನು ಊಹಿಸಿಕೊಳ್ಳಬಹುದು. ಗೆದ್ದವನು ತಪ್ಪಿದಾಗ ಅವನನ್ನು ಕೇಳುವ ನ್ಯಾಯಸ್ಥಾನ ಎಲ್ಲಿದೆ?

ಕೇಳಿದವರು ಫ್ರೆಂಚರೇ. ಹಿಂದೆ ಅಮೀರನ ಸೆರೆಯಲ್ಲಿದ್ದು ಬಿಡುಗಡೆಯಾಗಿದ್ದ ಕೆಲವರು ಅವನನ್ನು ಕಾಣಲು ಬಂದರು. ಬಿಷಪ್ ದ್ಯುಪುಶ್ ಬಂದನು. ಅವನ ಬಿಡುಗಡೆಯನ್ನು ಬೇಡಿ ೧೮೪೯ರಲ್ಲಿ ಒಂದು ಪುಸ್ತಕವನ್ನೇ ಬರೆದು ಪ್ರಕಟಿಸಿದನು. ತಾನೇ ಹಿಂದೆ ಸೆರೆವಾಸ ಕಂಡಿದ್ದ ಲೂಯಿ ನೆಪೋಲಿಯನ್ ೧೮೫೨ರ ಅಕ್ಟೋಬರ್ ೧೬ರಂದು ಸ್ವತಃ ಆಂಬ್ವಾಸ್‌ಗೆ ಹೋಗಿ ಅಮೀರನಿಗೆ ಬಿಡುಗಡೆಯನ್ನು ತಿಳಿಸಿದನು. ಫ್ರಾನ್ಸಿನ ವಿರುದ್ಧ ಮತ್ತೆ ಕತ್ತಿಯೆತ್ತುವುದಿಲ್ಲವೆಂದು ಅಮೀರನು ಮಾತು ಕೊಟ್ಟನು, ಸಾಯುವವರೆಗೂ ಉಳಿಸಿಕೊಂಡನು. ತುರ್ಕಿಯ ಬುರ್ಸಾದಲ್ಲಿ ಕೆಲಕಾಲವಿದ್ದು, ೧೮೫೫ರಲ್ಲಿ ಡಮಾಸ್ಕಸ್ ನಗರಕ್ಕೆ ಬಂದು ನೆಲಸಿದನು. ಅವನನ್ನು ಹಿಂಬಾಲಿಸಿ ಬಂದ ಅಲ್ಜೀರಿಯದ ಕುಟುಂಬಗಳೂ ಅಲ್ಲಿ ಬೀಡು ಬಿಟ್ಟವು. ಕೊನೆಗೂ ಪುಸ್ತಕಗಳು ಅವನ ಕೈಗೆ ಸಿಕ್ಕಿದವು. ಮಸೀದಿಯಲ್ಲಿ ಪಾಠ ಹೇಳುತ್ತ ದಿನ ಕಳೆದನು.

೧೮೬೦ರಲ್ಲಿ ಲೆಬನಾನ್ ಬೆಟ್ಟಗಳಲ್ಲಿ ದ್ರೂಸ್ ಪಂಗಡದವರಿಗೂ ಕ್ರೈಸ್ತರಿಗೂ ಹತ್ತಿದ ಕಿಚ್ಚು ಡಮಾಸ್ಕಸ್‌ಗೆ ಹಬ್ಬಿತು. ಗಲಭೆಯ ಮುನ್ಸೂಚನೆ ತಿಳಿದು ಅಮೀರನು ಅಧಿಕಾರಿಗಳನ್ನು ಎಚ್ಚರಿಸಿದ್ದನು, ತನ್ನವರಿಗೆ ಆಯುಧ ಒದಗಿಸಿಕೊಂಡಿದ್ದನು. ಜುಲೈ ೯ರಂದು ಗುಂಪುಗಳು ಕ್ರೈಸ್ತರ ಬೀದಿಗಳಿಗೆ ನುಗ್ಗಿದವು. ಊರಿನ ತುರ್ಕಿ ಪಾಷಾನು ಕೈಕಟ್ಟಿ ಕುಳಿತನು. ಅಮೀರನು ತನ್ನ ಅಲ್ಜೀರಿಯನ್ನರೊಡನೆ ಬೆಂಕಿ ಹತ್ತಿದ ಬೀದಿಗಳಿಗೆ ಹೋಗಿ, ಸಿಕ್ಕ ಸಿಕ್ಕ ಕ್ರೈಸ್ತರನ್ನು ಕರೆತಂದು ತನ್ನ ಮನೆಯಲ್ಲಿ ತುಂಬಿದನು. ಫ್ರೆಂಚ್ ರಾಯಭಾರಿಯೂ ಅವರಲ್ಲಿದ್ದನು. ಹತ್ತು ಹದಿಮೂರು ವರ್ಷಗಳ ಹಿಂದೆ ತನ್ನ ಹೊಲಗಳನ್ನು ಸುಟ್ಟ ರಾಜ್ಯದ ಪ್ರತಿನಿಧಿ ಇವನೆಂಬುದನ್ನು ಅಮೀರನು ಮರೆತಿರಲಾರನು. ಮನೆಯಲ್ಲಿ ಕಾಲಿಡಲು ಸ್ಥಳವಿಲ್ಲದಾದಾಗ, ತಂಡತಂಡವಾಗಿ ಕಾವಲಿನಲ್ಲಿ ಊರಿನ ಕೋಟೆಗೆ ಕಳುಹಿಸಿದನು. ಗುಂಪು ಬಾಗಿಲಿಗೆ ಬಂದು ಕ್ರೈಸ್ತರನ್ನು ಒಪ್ಪಿಸೆಂದು ಕೂಗಿದಾಗ, ತನ್ನವರಲ್ಲಿ ಒಬ್ಬನು ಬದುಕಿರುವವರೆಗೆ ಒಬ್ಬರನ್ನೂ ಕೊಡೆನೆಂದು ಹೇಳಿ ಅವರನ್ನು ಹಿಮ್ಮೆಟ್ಟಿಸಿದನು.

ಆಮೇಲೆ ಅವನು ಡಂಗುರ ಹೊಡೆಸಿದನು: ಕ್ರೈಸ್ತನೊಬ್ಬನನ್ನು ಜೀವಸಹಿತ ಕರೆತಂದವರಿಗೆ ಐವತ್ತು ಪಿಯಾಸ್ತರ್ ನಾಣ್ಯ. ತಾನು ಬಾಗಿಲಲ್ಲಿ ಚಾಪೆ ಹಾಸಿ, ಪಕ್ಕದಲ್ಲಿ ಹಣದ ಚೀಲವನ್ನಿಟ್ಟುಕೊಂಡು, ಹಗಲಿರುಳು ಕುಳಿತು ಎಣಿಸಿ ಎಣಿಸಿ ಕೊಟ್ಟನು. ಇಪ್ಪತ್ತು ವರ್ಷಗಳ ಹಿಂದೆ ಅಲ್ಜೀರಿಯದ ಡೇರೆಯಲ್ಲಿ ಬರೆಸಿದ ಅದೇ ಕಟ್ಟಳೆ. ಈ ಸಲ ಅದನ್ನು ಬೇರೊಬ್ಬರ ಕೈಗೆ ಬಿಡದೆ ತಾನೇ ಬಾಗಿಲಲ್ಲಿ ಕುಳಿತನೆಂಬುದನ್ನು ನಾವು ವಿಶೇಷವಾಗಿ ಗಮನಿಸಿದ್ದೇವೆ. ೧೮೪೬ರ ಆ ರಾತ್ರಿ ಅವನ ಮನಸ್ಸಿನಲ್ಲಿತ್ತೋ ಇಲ್ಲವೋ, ಯಾರು ಬಲ್ಲರು? ಡಮಾಸ್ಕಸ್‌ನಲ್ಲಿ ಆ ದಿನಗಳಲ್ಲಿ ಸಾವಿರಾರು ಕ್ರೈಸ್ತರು ಸತ್ತರು. ಸಾವಿರಾರು ಮಂದಿ ಅವನಿಂದ ಬದುಕಿದರು.

ಫ್ರಾನ್ಸ್ ತನ್ನ ಅತ್ಯುನ್ನತ ಪದಕವನ್ನು ಕಳುಹಿಸಿತು. ಅಮೆರಿಕದ ಅಧ್ಯಕ್ಷ ಲಿಂಕನ್ನನಿಂದ ಒಂದು ಜೊತೆ ಪಿಸ್ತೂಲು ಬಂದಿತು. ರಷ್ಯದೊಡನೆ ಕಾಕಸಸ್ ಬೆಟ್ಟಗಳಲ್ಲಿ ದಶಕಗಳ ಕಾಲ ಹೋರಾಡಿ ೧೮೫೯ರಲ್ಲಿ ಸೆರೆಯಾಗಿದ್ದ ಇಮಾಮ್ ಶಾಮಿಲನು ತನ್ನ ಸೆರೆವಾಸದಿಂದ ಅಭಿನಂದನೆಯ ಪತ್ರ ಬರೆದನು. ಸೋತ ಇಬ್ಬರು ಯೋಧರ ನಡುವಿನ ಈ ಪತ್ರವು ಪದಕಗಳಿಗಿಂತ ನಮಗೆ ಹೆಚ್ಚಿನದಾಗಿ ತೋರುತ್ತದೆ. ಅಲ್ಜೀರ್ಸ್ ನಗರದ ಆಗಿನ ಬಿಷಪನು ಧನ್ಯವಾದ ಬರೆದಾಗ, ತಾನು ತನ್ನ ಧರ್ಮವೂ ಮನುಷ್ಯತ್ವವೂ ವಿಧಿಸಿದುದನ್ನು ಮಾಡಿದೆನೆಂದಷ್ಟೇ ಅಮೀರನು ಉತ್ತರಿಸಿದನು.

೧೮೮೩ರ ಮೇ ತಿಂಗಳಲ್ಲಿ ಅವನು ಡಮಾಸ್ಕಸ್‌ನಲ್ಲಿ ತೀರಿಕೊಂಡನು. ಅವನು ಬಹುವಾಗಿ ಗೌರವಿಸುತ್ತಿದ್ದ ಇಬ್ನ್ ಅರಬಿ ಎಂಬ ಸೂಫಿ ಗುರುವಿನ ಸಮಾಧಿಯ ಬಳಿ ಅವನನ್ನು ಮಣ್ಣು ಮಾಡಿದರು. ೧೯೬೨ರ ಜುಲೈ ೫ರಂದು ಅಲ್ಜೀರಿಯ ಸ್ವತಂತ್ರವಾಯಿತು. ಕೆಲವು ವರ್ಷಗಳಲ್ಲಿ ಅಲ್ಲಿನ ಸರ್ಕಾರವು ಅವನ ಅಸ್ಥಿಗಳನ್ನು ಡಮಾಸ್ಕಸ್‌ನಿಂದ ತರಿಸಿ, ಅಲ್ಜೀರ್ಸ್ ನಗರದ ಎಲ್ ಆಲಿಯಾ ರುದ್ರಭೂಮಿಯಲ್ಲಿ ಇರಿಸಿತು. ಆಂಬ್ವಾಸ್ ಕೋಟೆಯ ತೋಟದ ಇಪ್ಪತ್ತೈದು ಮಂದಿ ಮಾತ್ರ ಅಲ್ಲಿಯೇ ಉಳಿದಿದ್ದಾರೆ.